ತೂಕದಮ್ಮನ ಚಿಟಿಕೆ

ಆ ಮನೆಯ ತಾರಸಿಯ ಹಗ್ಗದ ಮೇಲೆ ದಿನಾ ಆರೇಳು ಬಿಳಿ ಚೀಲಗಳು ಒಣಗುತ್ತಿದ್ದವು. ಮೊಣಕಾಲುದ್ದದ, ದಪ್ಪ ಬಟ್ಟೆಯ, ಬಾಯಿಗೆ ಪ್ಲಾಸ್ಟಿಕ್ ಬಳೆ ಹೊಲಿದ ಚೀಲಗಳು. ದೂರದಿಂದ ನೋಡಿದವರಿಗೆ ಯಾವುದೋ ದೈತ್ಯನ ಕಾಲುಚೀಲದಂತೆ ಕಾಣುತ್ತಿದ್ದವು. ಪಕ್ಕದ ತಾರಸಿಯ ಅಜ್ಜಿ ತನ್ನ ಬಟ್ಟೆ ಹರವುತ್ತ, "ಒಟ್ಟು ಎಷ್ಟು ಕಾಲಪ್ಪಾ ನಿಂಗೆ?" ಎಂದು ಕೇಳುತ್ತಿದ್ದಳು. "ಎರಡೇ ಅಜ್ಜಿ. ಮಿಕ್ಕಿದ್ದೆಲ್ಲ ಮೀನಿಂದು," ಎನ್ನುತ್ತಿದ್ದ ಅಪ್ಪ. ಸಾಕುಮೀನಿನ ಅಂಗಡಿಯಲ್ಲಿ ಆ ಚೀಲಗಳಿಗೆ ಸಾಕ್ಸ್ ಎಂದೇ ಹೆಸರು. ಬೀದಿಯವರ ಬಾಯಲ್ಲಿ ಅದು ಅಪ್ಪನಿಗೂ ಅಂಟಿಕೊಂಡು ಅವನು ಸಾಕ್ಸ್ ಮಾಮ ಆಗಿಬಿಟ್ಟಿದ್ದ.

ಸಮುದ್ರದ ಮೀನು, ಹವಳ ಸಾಕುವ ಗಾಜಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಊರಿನ ಎರಡು ಹೋಟೆಲು, ಮೂರು ಆಫೀಸು, ಒಂದು ಕ್ಲಿನಿಕ್ಕು. ಮೇಲಿನ ತೊಟ್ಟಿಯ ನೀರು ಕೊಳವೆಯಲ್ಲಿಳಿದು ಕೆಳಗೆ ಬೀರುವಿನೊಳಗಿರುವ ಸಂಪ್ ಎಂಬ ಇನ್ನೊಂದು ತೊಟ್ಟಿಗೆ ಬೀಳುತ್ತದೆ. ಬೀಳುವ ಬಾಯಿಗೆ ಈ ಸಾಕ್ಸ್. ಮೀನಿನ ಹೇಲು, ತಿಂದು ಬಿಟ್ಟ ಕಾಳಿನ ಚೂರು, ಪಾಚಿಯ ಎಳೆ ಎಲ್ಲ ಅದರಲ್ಲಿ ನಿಲ್ಲುತ್ತವೆ. ನಿಂತದ್ದನ್ನು ಎರಡು ಮೂರು ದಿನದೊಳಗೆ ತೆಗೆದು ತೊಳೆಯದಿದ್ದರೆ ಅಲ್ಲೇ ಕೊಳೆತು, ಗೊಬ್ಬರವಾಗಿ, ಬಂದ ದಾರಿಯಲ್ಲೇ ನೀರಿಗೆ ವಾಪಸ್ಸು. "ಕಸ ಗುಡಿಸಿ ಬಾಗಿಲ ಹಿಂದೆ ಇಟ್ಟ ಹಾಗೆ," ಎನ್ನುತ್ತಿದ್ದ ಅಪ್ಪ.

ಕ್ಲಿನಿಕ್ಕಿನ ತೊಟ್ಟಿ ಮಾತ್ರ ಅವನಿಗೆ ಬೇರೆ. ಅದು ಮಕ್ಕಳ ಡಾಕ್ಟರ ಕ್ಲಿನಿಕ್ಕು. ಕಾಯುವವರ ಬೆಂಚಿನ ಎದುರಿಗೆ ನಾಲ್ಕಡಿ ಉದ್ದದ ತೊಟ್ಟಿ. ಅದನ್ನು ಕೂರಿಸಲು ಬಂದ ಮೊದಲ ದಿನವೇ ಅಪ್ಪ ಒಂದು ಬಕೆಟ್ ಉಪ್ಪುನೀರು ನೆಲಕ್ಕೆ ಚೆಲ್ಲಿದ್ದ. ಮಕ್ಕಳನ್ನು ತಕ್ಕಡಿಯಲ್ಲಿ ಮಲಗಿಸಿ ತೂಕ ಬರೆದುಕೊಳ್ಳುತ್ತಿದ್ದ ಹುಡುಗಿ ಒಳಗಿಂದ ಬಂದು, ಒರೆಸುವ ಕೋಲನ್ನು ಅವನ ಕೈಗೆ ಕೊಟ್ಟು, "ಸಮುದ್ರ ತಂದವರೇ ಒರೆಸಿ," ಎಂದಳಂತೆ. ಮುಂದಿನ ವರ್ಷ ಅವರ ಮದುವೆ. ಅದರ ಮುಂದಿನ ವರ್ಷ ಮಗಳು.

ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಆ ತೊಟ್ಟಿಗೆ ಹವಳ ಬಂತು. ಸುತ್ತಿಗೆ ಹವಳ ಎನ್ನುತ್ತಾರೆ, ಪ್ರತಿ ಎಳೆಯ ತುದಿಯೂ ಪುಟ್ಟ ಸುತ್ತಿಗೆಯಂತೆ. ಬಂದಾಗ ಹೆಬ್ಬೆರಳಿನಷ್ಟು, ಎರಡೇ ತಲೆ, ಅಂದರೆ ಎಳೆಗಳ ಎರಡೇ ಗೊಂಚಲು. ಹತ್ತೊಂಬತ್ತು ವರ್ಷದಲ್ಲಿ ಮೂವತ್ತಾರು ತಲೆಯಾಗಿ ತೊಟ್ಟಿಯ ನಡುವೆ ಹಸಿರು ಪೊದೆಯಂತೆ ಹಬ್ಬಿ ತೂಗುತ್ತಿತ್ತು. ಸೂಜಿಗೆ ಅಳುವ ಮಕ್ಕಳನ್ನು ಅಮ್ಮ ಅದರ ಮುಂದೆ ಎತ್ತಿಕೊಂಡು ನಿಲ್ಲುತ್ತಿದ್ದಳು. "ನೋಡು, ಟಾಟಾ ಮಾಡ್ತಿದೆ. ಅದಕ್ಕೂ ಈಗ್ತಾನೆ ಸೂಜಿ ಆಯ್ತು. ಅತ್ತಿತಾ? ಇಲ್ವಲ್ಲ." ಊರಿನ ಅರ್ಧ ಮಕ್ಕಳು ಆ ಸುಳ್ಳು ಕೇಳಿ ಬೆಳೆದವು. ಅವರಿಗೆಲ್ಲ ಅಮ್ಮ ತೂಕದಮ್ಮ.

ಶಾಲೆ ಬಿಟ್ಟ ಮೇಲೆ ಮಗಳು ಆ ಬೆಂಚಿನ ಮೇಲೇ ಕೂತು ಮನೆಪಾಠ ಬರೆಯುತ್ತಿದ್ದಳು. ಒಂದರಿಂದ ನಾಲ್ಕರ ತನಕ ಕ್ಲಿನಿಕ್ಕಿನ ಬಾಗಿಲು ಮುಚ್ಚಿರುತ್ತಿತ್ತು. ಮೂರೂವರೆಗೆ ಅಮ್ಮ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದಳು. ಮೀನಿನ ಕಾಳು, ಒಣಸೀಗಡಿಯ ಪುಡಿ. ಬೆಳಿಗ್ಗೆ ಅಪ್ಪ ಅಳೆದು ಹಾಕಿದ್ದರ ಮೇಲೆ ಇವಳದು ಒಂದು ಚಿಟಿಕೆ. ಚಿಟಿಕೆ ಎನ್ನುವುದು ಮಾತಿಗೆ. ಅಮ್ಮನ ಕೈ ಧಾರಾಳದ್ದು, ಅಡಿಗೆಯಲ್ಲೂ ಅಷ್ಟೇ. ಮೀನು ಮುಗಿಬೀಳುತ್ತಿದ್ದವು. ಮಿಕ್ಕ ಪುಡಿ ತೇಲಿಕೊಂಡು ಹೋಗಿ ಹವಳದ ಎಳೆಗಳಿಗೆ ಅಂಟಿ, ಒಂದೊಂದು ತಲೆಯೂ ಮೆಲ್ಲಗೆ ಬಾಯಿ ಮಡಚಿಕೊಳ್ಳುತ್ತಿತ್ತು.

"ನಿಮ್ಮಪ್ಪಂಗೆ ಹೇಳ್ಬೇಡ. ಎದೆ ಒಡ್ಕೋತಾರೆ."

"ಮತ್ತೆ ಯಾಕೆ ಹಾಕ್ತೀಯ?"

"ಹಸಿದವರ ಮುಖ ನಂಗೆ ಗೊತ್ತಾಗುತ್ತೆ ಕಣೆ. ದಿನಾ ಮಕ್ಕಳನ್ನ ತೂಗೋಳು ನಾನು."

ಅಪ್ಪ ವಾರಕ್ಕೊಮ್ಮೆ ಸಣ್ಣ ಸೀಸೆಯಲ್ಲಿ ನೀರು ತೆಗೆದು, ಔಷಧಿಯ ಹನಿ ಹಾಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ನೀರು ಗುಲಾಬಿಗೆ ತಿರುಗಿದಷ್ಟೂ ಕೊಳೆ ಹೆಚ್ಚು. ಕ್ಲಿನಿಕ್ಕಿನ ನೀರು ಯಾವಾಗಲೂ ಗುಲಾಬಿ. ಅವನು ಸಾಕ್ಸನ್ನು ಮೂರು ದಿನದ ಬದಲು ಎರಡು ದಿನಕ್ಕೆ, ಆಮೇಲೆ ದಿನಾ ಬದಲಿಸತೊಡಗಿದ. ನೊರೆ ಎಬ್ಬಿಸಿ ಜಿಡ್ಡು ತೆಗೆಯುವ ಯಂತ್ರವನ್ನು ದೊಡ್ಡದು ತಂದ. ಗೊಬ್ಬರದ ಅಂಶ ಹೀರುವ ಕಂದು ಹರಳುಗಳ ಪೊಟ್ಟಣ ಕಟ್ಟಿ ಸಂಪಿನೊಳಗೆ ಇಳಿಬಿಟ್ಟ. ಆದರೂ ಗುಲಾಬಿ. ತೊಟ್ಟಿಯ ಮುಂದೆ ನಿಂತು, "ಎಲ್ಲಿಂದ ಬರುತ್ತೋ ಇಷ್ಟು ಕೊಳೆ," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ.

"ಸಮುದ್ರ ಅಂದ್ಮೇಲೆ ಕೊಳೆ ಇರಲ್ವಾ?" ಎಂದು ತಕ್ಕಡಿಯ ಕಡೆಯಿಂದ ಅಮ್ಮನ ಉತ್ತರ. ಮಗಳು ಪುಸ್ತಕದೊಳಗೆ ಮುಖ ಹುದುಗಿಸಿ ನಗು ನುಂಗುತ್ತಿದ್ದಳು.

ಒಮ್ಮೆ ಮಾತ್ರ ಸಿಕ್ಕಿಬೀಳುವುದರಲ್ಲಿತ್ತು. "ನಿನ್ನ ಕೈಚೀಲ ಯಾಕೆ ಮೀನಿನ ವಾಸನೆ ಹೊಡೆಯುತ್ತೆ?" ಎಂದು ಅಪ್ಪ ಕೇಳಿದ. "ಮೀನಿನವರನ್ನ ಕಟ್ಕೊಂಡ ಮೇಲೆ ಗಂಧದ ವಾಸನೆ ಬರುತ್ತಾ?" ಎಂದಳು ಅಮ್ಮ. ಅಪ್ಪ ತನ್ನ ಅಂಗಿಯ ತೋಳು ಮೂಸಿ ನೋಡಿಕೊಂಡ.

ಹೀಗೆ ಹತ್ತೊಂಬತ್ತು ವರ್ಷ, ಒಬ್ಬಳು ಹಾಕಿದಳು, ಒಬ್ಬ ತೊಳೆದ. ಇಬ್ಬರ ನಡುವೆ ಹವಳ ಹಬ್ಬಿತು.

ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ಅಮ್ಮ ತಕ್ಕಡಿಯ ಪಕ್ಕದಲ್ಲೇ ಕುಸಿದಳು. ಡಾಕ್ಟರು ಎರಡು ಹೆಜ್ಜೆಯಲ್ಲಿದ್ದರು. ಉಳಿಸಲು ಆಗಲಿಲ್ಲ.

ಮಗಳಿಗೆ ಆಗ ಏಳು ತಿಂಗಳ ಕೂಸು. ಮೊದಲೇ ಹೆದರುಪುಕ್ಕಲಿ, ಮಗು ಸೀನಿದರೆ ಇವಳಿಗೆ ಚಳಿ. ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುವವಳು, ಬಾಟಲಿಯನ್ನು ಎರಡು ಸಲ ಕುದಿಸುವವಳು. ಅಮ್ಮ ಇದ್ದಾಗ ಗಳಿಗೆಗೊಮ್ಮೆ ಫೋನ್ ಮಾಡಿ ಕೇಳುತ್ತಿದ್ದಳು. ಈಗ ಕೇಳಲು ಯಾರೂ ಇಲ್ಲದೆ ಗುರುವಾರಗುರುವಾರ ಕ್ಲಿನಿಕ್ಕಿಗೆ ಬರತೊಡಗಿದಳು. ಮಗುವಿನ ತೂಕ ನೋಡಿಸುವುದು ನೆಪ. ಅಪ್ಪ ಅಲ್ಲಿರುತ್ತಾನೆ ಎನ್ನುವುದೂ ಇತ್ತು.

ಅಮ್ಮನ ಕೈಚೀಲ ಮಗಳ ಪಾಲಿಗೆ ಬಂದಿತ್ತು. ಒಳಗೆ ಆ ಸ್ಟೀಲ್ ಡಬ್ಬಿ, ಇನ್ನೂ ಅರ್ಧ ತುಂಬಿದ್ದದ್ದು. ಅದನ್ನು ಮಗುವಿನ ಬಟ್ಟೆಯ ಕೆಳಗೆ ಮುಚ್ಚಿಟ್ಟಿದ್ದಳು.

ಎರಡು ತಿಂಗಳು ಕಳೆದಿರಬೇಕು, ಒಂದು ಗುರುವಾರ ಅಪ್ಪ ಅವಳನ್ನು ಬೀರುವಿನ ಹತ್ತಿರ ಕರೆದ. ಸೀಸೆಯನ್ನು ಬೆಳಕಿಗೆ ಹಿಡಿದಿದ್ದ. ನೀರಿಗೆ ಬಣ್ಣವೇ ಇರಲಿಲ್ಲ.

"ಸೊನ್ನೆ," ಎಂದ. "ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ನಿಮ್ಮಮ್ಮಂಗೆ ತೋರಿಸ್ಬೇಕಿತ್ತು."

ಅಮ್ಮ ಹೋದ ಮೇಲೆ ಅವನ ಮುಖದಲ್ಲಿ ಆ ಕಳೆ ಕಂಡದ್ದು ಅದೇ ಮೊದಲು. ಮಗಳು, "ಒಳ್ಳೇದಾಯ್ತಲ್ಲಪ್ಪ," ಎಂದಳು. ಡಬ್ಬಿಯಿದ್ದ ಕೈಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡಳು.

ಅದಾಗಿ ಮೂರು ವಾರಕ್ಕೆ ಹವಳದ ಹಸಿರು ಮಾಸಿತು. ಎಳೆಗಳು ಮೊದಲಿನಂತೆ ಚಾಚದೆ, ಚಳಿಗೆ ಮುದುರಿದವರ ಹಾಗೆ ಒಳಗೇ ಉಳಿದವು. ಮರಳಿನ ಮೇಲೆ ಕಂದು ಲೋಳೆ ಕಟ್ಟಿತು. ಲೋಳೆ ಕಂಡರೆ ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಸಾಕ್ಸ್ ದಿನಕ್ಕೆರಡಾಯಿತು. ಕಂದು ಹರಳಿನ ಪೊಟ್ಟಣ ಎರಡಾಯಿತು. ಬೆಳಿಗ್ಗೆ ಮೀನಿಗೆ ಹಾಕುವ ಕಾಳನ್ನೂ ಅರ್ಧಕ್ಕಿಳಿಸಿದ. ಲೋಳೆ ಹೆಚ್ಚುತ್ತಲೇ ಹೋಯಿತು.

ಸಾಕುಮೀನಿನ ಅಂಗಡಿಯವನನ್ನು ಕರೆಸಿದ ದಿನ ಮಗಳೂ ಅಲ್ಲಿದ್ದಳು. ಅವನು ಬಗ್ಗಿ, ಎದ್ದು, ಸೀಸೆ ನೋಡಿ, ತಲೆ ಕೆರೆದುಕೊಂಡ.

"ಅಣ್ಣಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಕೊಳೆಗೆ ಬಂದ ಲೋಳೆ ಅಲ್ಲ. ನೀರು ತೀರಾ ಚೊಕ್ಕಟ ಆದ್ರೂ ಇದು ಬರುತ್ತೆ. ನಿಮ್ಮ ಹವಳ ಉಪವಾಸ ಬಿದ್ದಿದೆ."

"ನಂಗೆ ಪಾಠ ಹೇಳ್ತೀಯಾ?"

"ನೀವೇ ಕರೆಸಿದ್ರಿ, ಅದಕ್ಕೆ ಹೇಳ್ದೆ."

"ಅದೇ ಐದು ಮೀನು, ಅದೇ ಕಲ್ಲು. ಲೋಳೆ ಬರೋಕ್ ಮುಂಚೆ ಸಾಕ್ಸೂ ಹರಳೂ ಕಾಳೂ ಎಲ್ಲ ಮೊದಲಿದ್ದಷ್ಟೇ. ಇಷ್ಟು ವರ್ಷ ಉಪವಾಸ ಬೀಳದ್ದು ಈಗ ಹೇಗಪ್ಪಾ ಬೀಳುತ್ತೆ? ಏನು ಬದಲಾಯ್ತು ಅಂತ ನೀನೇ ಹೇಳು."

ಅಂಗಡಿಯವನು ತೊಟ್ಟಿ ನೋಡಿದ, ಸಂಪು ನೋಡಿದ, ಕೊನೆಗೆ ಮಗಳ ಮುಖವನ್ನೂ ನೋಡಿದ. ಮಗಳು ಕೂಸಿನ ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಹೇಳಿದರೆ ಅಮ್ಮನಿಗೆ ಕೊಟ್ಟ ಮಾತು ಮುರಿಯಿತು. ಹೇಳಿದರೆ, ನಿನ್ನ ಹೆಂಡತಿ ನಿನ್ನ ಕಣ್ಣಿಗೆ ಇಷ್ಟು ವರ್ಷ ಮಣ್ಣೆರಚಿದಳು ಎಂದು ಸತ್ತವಳ ಮೇಲೆ ಚಾಡಿ ಹೇಳಿದ ಹಾಗಾಯಿತು. ಅದೂ ಅಂಗಡಿಯವನ ಎದುರಿಗೆ. ಇನ್ನೊಂದು ದಿನ ಹೇಳೋಣ, ಅಪ್ಪ ಒಬ್ಬನೇ ಇದ್ದಾಗ, ಅವನ ಮನಸ್ಸು ಸರಿ ಇದ್ದಾಗ. ಹೀಗೆಂದುಕೊಂಡು ಮನೆಗೆ ಬಂದಳು. ಮಾರನೇ ದಿನ ಮಗುವಿಗೆ ಮೈ ಬೆಚ್ಚಗಿತ್ತು. ಅದರ ಮಾರನೇ ದಿನ ಮತ್ತೇನೋ. ಹತ್ತು ದಿನ ಹೋಯಿತು.

ಹನ್ನೊಂದನೇ ದಿನ ಬೆಳಿಗ್ಗೆ ಅಪ್ಪನ ಮನೆಗೆ ಹೋದಾಗ ಅವನು ತಾರಸಿಯ ನಲ್ಲಿಯ ಹತ್ತಿರ ಸಾಕ್ಸ್ ಒಗೆಯುತ್ತಿದ್ದ. ಒಂದನ್ನು ಒಳಮೈ ಹೊರಗೆ ಮಾಡಿ ನೀರು ಬಿಟ್ಟವನು ತಟ್ಟನೆ ನಲ್ಲಿ ನಿಲ್ಲಿಸಿದ. ಏನನ್ನೋ ಅಂಗೈಗೆ ತೆಗೆದುಕೊಂಡು ಅವಳತ್ತ ಚಾಚಿದ. ಹವಳದ ಒಂದು ತಲೆ. ತನ್ನ ಕಲ್ಲಿನ ಗೂಡು ಬಿಟ್ಟು ಕಳಚಿ, ತೇಲಿ, ಕೊಳವೆಯಲ್ಲಿಳಿದು ಬಂದು ಸಾಕ್ಸಿನಲ್ಲಿ ಸಿಕ್ಕಿಕೊಂಡಿತ್ತು. ಬಿಳಿಚಿಕೊಂಡು, ನೆನೆದ ಹತ್ತಿಯ ಉಂಡೆಯ ಹಾಗೆ.

"ಕಸದ ಜೊತೆ ಬಂದಿದೆ," ಎಂದ ಅಪ್ಪ.

ಮಗಳು ಕೂಸನ್ನು ಕಂಕುಳಿಗೆ ಬದಲಿಸಿಕೊಂಡು, ಕೈಚೀಲದಿಂದ ಡಬ್ಬಿ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟಳು. ಅಪ್ಪ ಮುಚ್ಚಳ ತೆಗೆದು ಮೂಸಿದ. ವಾಸನೆಯನ್ನು ಗುರುತಿಸಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ದಿನಾನಾ?"

"ದಿನಾ. ಮೂರೂವರೆಗೆ."

"ಭಾನುವಾರ ಕ್ಲಿನಿಕ್ಕು ಇರಲ್ವಲ್ಲ."

"ಶನಿವಾರ ಎರಡು ಪಾಲು ಹಾಕೋಳು."

ಅಪ್ಪನಿಗೆ ನಗು ಬಂತು. ಭುಜ ಕುಲುಕಿಸಿ ನಕ್ಕ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ. "ನಾನು ದಿನಕ್ಕೊಂದು ಸಾಕ್ಸ್, ಅವಳು ದಿನಕ್ಕೊಂದು ಚಿಟಿಕೆ. ಕಳ್ಳಿ." ಪಕ್ಕದ ತಾರಸಿಯ ಅಜ್ಜಿ ಇಣುಕಿ ನೋಡಿ ಒಳಗೆ ಹೋದಳು.

ನಗು ನಿಂತ ಮೇಲೆ ಅವನು ಡಬ್ಬಿಯ ಮುಚ್ಚಳ ಹಾಕಿದ. "ನಿಂಗೆ ಯಾವಾಗಿಂದ ಗೊತ್ತು?"

"ಒಂದನೇ ಕ್ಲಾಸಿಂದ."

"ಆವತ್ತು ಅಂಗಡಿಯವನಿಗೆ ನಾನು ಕೇಳಿದಾಗ, ಏನು ಬದಲಾಯ್ತು ಅಂತ..."

"ಗೊತ್ತಿತ್ತಪ್ಪ."

ಅವನು ನಲ್ಲಿ ತಿರುಗಿಸಿ ಉಳಿದ ಸಾಕ್ಸ್‌ಗಳನ್ನು ಒಗೆದು ಮುಗಿಸಿದ.

ಅಂದೇ ಹರಳಿನ ಪೊಟ್ಟಣಗಳು ಹೊರಗೆ ಬಂದವು. ಸಾಕ್ಸ್ ವಾರಕ್ಕೆರಡಾಯಿತು. ಮೂರೂವರೆಗೆ ತೊಟ್ಟಿಯ ಮುಂದೆ ಡಬ್ಬಿ ಹಿಡಿದು ನಿಂತ ಅಪ್ಪ, "ಎಷ್ಟು ಹಾಕೋಳು?" ಎಂದು ಕೇಳಿದ. ಎಲ್ಲವನ್ನೂ ಅಳೆದೇ ಹಾಕಿದವನು. ಮಗಳು ಮೂರು ಬೆರಳು ಕೂಡಿಸಿ ತೋರಿಸಿದಳು. ಅವನ ಬೆರಳು ದಪ್ಪ, ಅಷ್ಟು ಬರಲಿಲ್ಲ, ಒಮ್ಮೆ ಕಮ್ಮಿ, ಒಮ್ಮೆ ಜಾಸ್ತಿ. "ನೀನೇ ಹಾಕು. ನಿನ್ನ ಕೈ ಅವಳದೇ ಥರ," ಎಂದ. ಅವಳು ಹಾಕಿದಳು. ಅರ್ಧ ಪುಡಿ ನೆಲಕ್ಕೆ ಬಿತ್ತು.

ಗುರುವಾರದ ಬದಲು ದಿನಾ ಬಂದಳು. ಮಗುವನ್ನು ಆ ಬೆಂಚಿನ ಮೇಲೆ ಕೂರಿಸಿ, ದಿಂಬು ಒತ್ತಿ, ಚಿಟಿಕೆ ಹಾಕಿ, ಹವಳದ ತಲೆಗಳನ್ನು ಎಣಿಸಿದಳು. ಇಪ್ಪತ್ತೆರಡು. ಹದಿನೇಳು. ಲೋಳೆ ಕರಗಿತು, ಮರಳು ಬೆಳ್ಳಗಾಯಿತು, ಮೀನಿನ ಹೊಟ್ಟೆ ದುಂಡಗಾಯಿತು. ಹವಳ ಮಾತ್ರ ಚೇತರಿಸಿಕೊಳ್ಳಲಿಲ್ಲ. ಪುಡಿ ಬಂದು ಅಂಟಿದರೂ ಬಾಯಿ ಮಡಚಿಕೊಳ್ಳಲು ಅದಕ್ಕೆ ತ್ರಾಣವಿರಲಿಲ್ಲ. ಒಂಬತ್ತು. ನಾಲ್ಕು. ಕಲ್ಲಿನ ಹಿಂಬದಿಯಲ್ಲಿ ಒಂದು ತಲೆ ಆರು ದಿನ ತಡೆಯಿತು. ಆರೂ ದಿನ ಅವಳು ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಏಳನೆಯ ದಿನ ಅಲ್ಲಿ ಬಿಳಿಯ ಬಟ್ಟಲಷ್ಟೇ ಇತ್ತು.

"ಆವತ್ತೇ ಹೇಳಿದ್ರೆ ಉಳೀತಿತ್ತಾ ಅಪ್ಪ?"

ಅಪ್ಪ ಗಾಜಿನ ಮೇಲಿನ ಉಪ್ಪಿನ ಕಲೆ ಒರೆಸುತ್ತಿದ್ದ. ಒರೆಸಿ ಮುಗಿಸಿದ. "ಗೊತ್ತಿಲ್ಲ ಮಗಳೇ," ಎಂದ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅಮ್ಮನ ವಿದ್ಯೆ, ಅವನದಲ್ಲ.

ಹವಳದ ಎಲುಬನ್ನು ಅವನು ತೆಗೆಯಲಿಲ್ಲ. ಮೂವತ್ತಾರು ಖಾಲಿ ಬಟ್ಟಲಿನ ಆ ಬಿಳಿ ಕೊಂಬೆ ತೊಟ್ಟಿಯ ನಡುವೆ ಹಾಗೇ ಇದೆ, ಮೀನು ಅದರ ಸಂದಿಯಲ್ಲಿ ಮಲಗುತ್ತವೆ. ತಕ್ಕಡಿಯ ಹತ್ತಿರ ಈಗ ಹೊಸಬಳು. ಅಳುವ ಮಕ್ಕಳಿಗೆ ಅವಳು ಫೋನ್ ತೋರಿಸುತ್ತಾಳೆ.

ಮೊನ್ನೆ ಗುರುವಾರ ಅಪ್ಪ ಮತ್ತೆ ಸೀಸೆಯಲ್ಲಿ ನೀರು ತೆಗೆದ. ಹನಿ ಹಾಕಿ ಕುಲುಕಿ ಬೆಳಕಿಗೆ ಹಿಡಿದ. ಗುಲಾಬಿ, ಹಿಂದಿನಷ್ಟೇ.

"ಎಲ್ಲಿಂದ ಬರುತ್ತೋ ಇಷ್ಟು ಕೊಳೆ," ಎಂದ.

ತಕ್ಕಡಿಯ ಕಡೆಗೆ ಸ್ವಲ್ಪ ತಲೆ ತಿರುಗಿಸಿ ಕಾದ. ಬೆಂಚಿನ ಮೇಲಿದ್ದ ಮಗಳಿಗೆ ಅಮ್ಮನ ಉತ್ತರ ಬಾಯಿಪಾಠವಾಗಿತ್ತು. ಅವಳು ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.