ಅವ್ವನ ಹೆಸರಿನ ಟಗರು

ನಮ್ಮ ಮನೆದೇವರಿಗೆ ಮೂರ್ತಿಯಿಲ್ಲ. ಹರಕೆಯ ಟಗರು ಕಡಿದ ದಿನ ಹಸಿ ಬಾಡನ್ನು ಕಂಬಳಿಯ ಮೇಲೆ ಗುಡ್ಡೆ ಹಾಕಿ, ಅರಿಶಿನ ಕುಂಕುಮ ಎರಚಿ, ಅದಕ್ಕೇ ಅಡ್ಡಬೀಳುತ್ತಿದ್ದೆವು. ಅಷ್ಟು ಹೊತ್ತು ಆ ಬಾಡೇ ನಮಗೆ ತಾಯಿ. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಬಾಯಿತಪ್ಪಿ ಇದನ್ನು ಹೇಳಿದಾಗ ಗೆಳತಿಯರು, 'ಅಯ್ಯಪ್ಪಾ, ಮನುಷ್ಯರನ್ನೂ ತಿಂತೀರೇನೇ?' ಅಂತ ರೇಗಿಸಿದ್ದರು. ಮೈಯೆಲ್ಲ ಉರಿದುಹೋಗಿತ್ತು. ಅವರಿಗೇನು ಗೊತ್ತು, ಆ ಗುಡ್ಡೆಯನ್ನು ತಲೆಯೆತ್ತಿ ನೋಡಲು ನನಗೂ ಭಯವಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವನಿಗೆ ಟಿಬಿ ಆಯಿತು. ಚಳ್ಳಕೆರೆಯ ಡಾಕ್ಟರು ಮಾತ್ರೆ ಕೊಟ್ಟು, 'ಮೈಯಲ್ಲಿ ಶಕ್ತೀನೇ ಇಲ್ಲ. ಮೊಟ್ಟೆ, ಮಾಂಸ ಚೆನ್ನಾಗಿ ಕೊಡಿ' ಅಂದರು. ಅಪ್ಪ ತಲೆಯಾಡಿಸಿದ. ಊರಿಗೆ ಬಂದವನೇ ಮಾಡಿದ್ದೇನು? ಅವ್ವ ಹುಷಾರಾಗಲೆಂದು ಹಟ್ಟಿಯ ಟಗರಿನ ಕೊರಳಿಗೆ ಅರಿಶಿನದ ಕೊಂಬು ಕಟ್ಟಿ ದೇವಿಗೆ ಬಿಟ್ಟುಬಿಟ್ಟ. ಹಾಗೆ ಬಿಟ್ಟ ಮೇಲೆ, ಆ ಟಗರು ದೇವಿಗೆ ಸಲ್ಲುವವರೆಗೆ ಮನೆಯವರ ಬಾಯಿಗೆ ಬೇರೆ ಬಾಡಾಗಲಿ ಮೊಟ್ಟೆಯಾಗಲಿ ಸೋಕುವಂತಿಲ್ಲ. ಸೋಕಿದರೆ ತಾಯಿ ಮುನಿದು ಮನೆಯ ಮಗುವನ್ನೇ ಎತ್ತಿಕೊಳ್ಳುತ್ತಾಳೆ ಎಂಬ ಭಯ.

'ಮುಂದಿನ ಮಂಗಳವಾರಾನೇ ಕಡಿಯಾಣ' ಅಂದ ಅಪ್ಪ. ಅಷ್ಟರಲ್ಲಿ ಅಪ್ಪನ ಅಣ್ಣತಮ್ಮಂದಿರ ಮನೆಯಲ್ಲೊಂದು ಸಾವಾಯಿತು. ಆ ಸೂತಕ ಕಳೆಯುವಷ್ಟರಲ್ಲಿ ಇನ್ನೊಂದು ಮನೆಯಲ್ಲಿ ಹೆರಿಗೆಯಾಗಿ ಪುರುಡು. ಮೈಲಿಗೆಯಲ್ಲಿ ದೇವಿಯ ಮುಂದೆ ಕತ್ತಿ ಎತ್ತುವಂತಿಲ್ಲವಲ್ಲ. ಟಗರು ಹುರುಳಿ ತಿಂದು ಕೊಬ್ಬಿತು. ಅವ್ವ ಚಾಪೆ ಹಿಡಿದಳು.

ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಬಾಡಿನ ಸಾರಿನ ವಾಸನೆ ಬಂತು. ಅವ್ವ ಮುಖ ಆ ಕಡೆ ಹೊರಳಿಸಿ, 'ಒಂದು ಲೋಟ ಸಾರು ಕುಡಿದ್ರೆ ಎದ್ದು ಕೂತ್ಕಂತೀನಿ ಅನ್ನಿಸ್ತೈತೆ ಕಣೇ' ಅಂದಳು. ನಾನು ಓಡಿಹೋಗಿ ಅವರನ್ನು ಕೇಳಿ ತಂದು ತುಟಿಗೆ ಹಿಡಿದೆ. ಅವ್ವ ಮೂಸಿದಳು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಲೋಟ ತಳ್ಳಿದಳು.

'ಬ್ಯಾಡ ಕಣವ್ವ. ನಾನು ಕುಡಿದು ನಿನಗೇನಾರ ಆದ್ರೆ?'

'ನನಗೇನೂ ಆಗಲ್ಲ, ಕುಡಿಯವ್ವ. ನಿನ್ನ ಕಾಲಿಗೆ ಬೀಳ್ತೀನಿ.'

'ನನಗಿರೋಳು ನೀನೊಬ್ಳು' ಅಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಪುರುಡು ಕಳೆಯುವ ಮೊದಲೇ ಅವ್ವ ಹೋದಳು. ನಮ್ಮದೇ ಸೂತಕ ಮುಗಿದ ಮೇಲೆ ಟಗರು ಕಡಿದರು. ದೇವಿಗೆ ಬಿಟ್ಟದ್ದನ್ನು ಉಳಿಸಿಕೊಳ್ಳಬಾರದಂತೆ! ಬಾಡು ಗುಡ್ಡೆ ಬಿತ್ತು, ಎಲ್ಲರೂ ಅಡ್ಡಬಿದ್ದರು. ನಾನು ಬೀಳಲಿಲ್ಲ. 'ಯಾರನ್ನ ಉಳಿಸಿದ್ಳು ಅಂತ ಬೀಳಲಿ?' ಅಂದೆ. 'ಬಿಡ್ತು ಅನ್ನೇ!' ಅಂತ ಹೆಂಗಸರು ನನ್ನ ಬಾಯಿ ಮುಚ್ಚಿದರು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅವನ ಮೇಲೆ ಕೂಗಾಡಿಯಾದರೂ ನನ್ನ ಸಂಕಟ ಕಳೆಯುತ್ತಿತ್ತು.

ಬೆಂದ ಮೇಲೆ ಅವ್ವ ಮಲಗುತ್ತಿದ್ದ ಜಾಗದಲ್ಲಿ ಎಡೆ ಇಟ್ಟರು. ಅಪ್ಪ ಎಲೆಯ ಮುಂದೆ ಕೂತು, ಮೂಳೆಯಿಂದ ಬಾಡನ್ನು ಬಿಡಿಸಿ ಸಣ್ಣಗೆ ಹರಿದು ಹಾಕುತ್ತ, ಎದುರಿಗೆ ಅವ್ವನೇ ಕೂತಿದ್ದಾಳೇನೋ ಎಂಬಂತೆ ಹೇಳಿದ:

'ಈಗ ಯಾವ ಅಡ್ಡೀನೂ ಇಲ್ಲ ಕಣೇ. ತಿನ್ನು.'