ಅಕ್ಕನ ಮನೆಯಲ್ಲಿ ಸಿ ಡ್ರೈವ್ ಇಲ್ಲ

ಮಿತ್ರರೇ, ಇಂದು ಬೆಳಿಗ್ಗೆ ಮೂಡಲಪಾಳ್ಯದಲ್ಲಿ, ಲೋಕಕಲ್ಯಾಣಾರ್ಥವಾಗಿ, ಎಡಕ್ಕೆ ವಾಲಿದ್ದ ಒಂದು ಓರೆಗೆರೆಯನ್ನು ಬಲಕ್ಕೆ ವಾಲಿಸಲಾಯಿತು.

ಸಂಜೆ ನಾಲ್ಕಕ್ಕೆ ನಮ್ಮ ರಸ್ತೆಯ ಮಕ್ಕಳ ರಸಪ್ರಶ್ನೆ. ಅರವತ್ತು ಮಕ್ಕಳ ಹೆಸರಿನ ಬ್ಯಾಡ್ಜು ನನ್ನ ಹೊಣೆ. ಕೈಯಲ್ಲೇ ಬರೆಯೋಣ ಎಂದವರನ್ನೆಲ್ಲ ತಡೆದು, "ಬ್ಯಾಡ್ಜ್ ಮಾಡೋಕೆ ಕಂಪ್ಯೂಟರ್‌ಗೆ ಸ್ಕ್ರಿಪ್ಟ್ ಬರ್ದಿದೀನಿ, ಎಲ್ಲಿ ಬೇಕಾದ್ರೂ ಓಡುತ್ತೆ" ಎಂದು ಘೋಷಿಸಿದ್ದೆ. ಪ್ರಿಂಟರ್ ಇರುವುದು ಅಕ್ಕನ ಮನೆಯಲ್ಲಿ. ಅಲ್ಲಿ ಅವಳ ಮಗಳ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ, ಹೆಸರಿನ ಫೈಲೇ ಇಲ್ಲ ಎಂಬ ಉತ್ತರ ಬಂತು.

"ಮಾಮ, ಇದು ಲಿನಕ್ಸ್, ನಿಮ್ಮ ಕಂಪ್ಯೂಟರ್ ಥರ ಅಲ್ಲ. ಇಲ್ಲಿ ಸಿ ಡ್ರೈವೇ ಇಲ್ಲ."

"ನಮ್ಮನೇಲಿ ಇತ್ತಲ್ಲೇ!"

"ನೀವು ಬರ್ದಿರೋದು ನಿಮ್ಮನೆ ಕಂಪ್ಯೂಟರ್ ದಾರಿ. ನಮ್ಮನೆಗೆ ಬಂದು ನಿಮ್ಮನೆ ಬೀರು ಹುಡುಕಿದ್ರೆ ಸಿಗುತ್ತಾ?"

ಅವಳು ನನ್ನ ಮನೆಯ ವಿಳಾಸವನ್ನೆಲ್ಲ ಅಳಿಸಿದಳು, ಫೈಲನ್ನು ಸ್ಕ್ರಿಪ್ಟಿನ ಪಕ್ಕದ ಫೋಲ್ಡರಿಗೆ ತಂದಳು, ಫೋಲ್ಡರಿನ ಹೆಸರಿಗೂ ಫೈಲಿನ ಹೆಸರಿಗೂ ನಡುವಿನ ಓರೆಗೆರೆಯನ್ನು ಬಲಕ್ಕೆ ವಾಲಿಸಿದಳು. ಅರವತ್ತೂ ಹೆಸರು ಟಕಟಕ ಬಂದವು. ನಾನು ಎದೆಯುಬ್ಬಿಸುವಷ್ಟರಲ್ಲಿ ಅಕ್ಕ ಹಾಳೆಗಳನ್ನು ತಿರುವಿ ನೋಡಿ, "ಸರಿ ಕಣೋ, ಇವನ್ನ ಕತ್ತರಿಸೋರು ಯಾರು?" ಎಂದಳು.

ಆ ಇಲಾಖೆಗೆ ಸ್ಕ್ರಿಪ್ಟ್ ಇನ್ನೂ ಬರೆದಿಲ್ಲ. ಸಂಜೆ ಬರುವವರು ದಯವಿಟ್ಟು ಅರ್ಧ ಗಂಟೆ ಮುಂಚೆ ಬನ್ನಿ, ಮನೆಯಿಂದ ಒಂದೊಂದು ಕತ್ತರಿ ತನ್ನಿ.