ತಂತಿಯ ಆ ತುದಿಯ ದನಿ

ಶಿದ್ಲಿಂಗಪ್ಪನಿಗೆ ಬೇಕಾಗಿದ್ದದ್ದು ಒಂದು ದನಿ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಊರು ಕೂಡ ಗೊತ್ತಿಲ್ಲ. ಹುಡುಕಲು ಹೊರಟವನಿಗೆ ಇಷ್ಟಾದರೂ ಬುದ್ಧಿ ಬೇಡವೇ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಾವು ಕೆಲವರು ವಾಯುಪಡೆಯ ರಾಡಾರ್ ಠಾಣೆಗಳಲ್ಲಿ ದುಡಿದು ಬಂದವರು. ವಿಮಾನ ಹಾರಿಸಿದವರ ಕತೆ ಎಲ್ಲರಿಗೂ ಗೊತ್ತು. ವೈರಿ ವಿಮಾನ ಬಂದೀತೆಂದು ಕಾದು ಕೂತವರ ಕತೆ ಯಾರಿಗೂ ಬೇಕಿಲ್ಲ. ಅದಕ್ಕೇ ಆಗಾಗ ಗೋಕಾಕದ ಒಂದು ಕೋಣೆಯಲ್ಲಿ ಸೇರಿ, ಒಬ್ಬೊಬ್ಬರ ಅನುಭವವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡುತ್ತೇವೆ. ನಾನು ಉಮೇಶ, ರಾಡಾರಿಗೆ ಕರೆಂಟು ಕೊಡುವ ಜನರೇಟರ್ ನೋಡಿಕೊಂಡವನು. ಅದರ ಗದ್ದಲಕ್ಕೆ ಕಿವಿ ಅರ್ಧ ಹೋಗಿದೆ. ಆದರೂ ರೆಕಾರ್ಡ್ ಮಾಡುವ ಕೆಲಸ ನನಗೇ ಅಂಟಿಕೊಂಡಿದೆ.

ಶಿದ್ಲಿಂಗಪ್ಪ ತುಕ್ಕಾನಟ್ಟಿಯವನು, ಕುರಿ ಕಾಯುವ ಮನೆತನ. ಪಶ್ಚಿಮದ ಗಡಿಯಲ್ಲಿ ಅವನ ಕೆಲಸ ದೊಡ್ಡ ಗಾಜಿನ ಫಲಕದ ಹಿಂದೆ ನಿಲ್ಲುವುದು. ಮೈಲಿಗಟ್ಟಲೆ ದೂರದ ಮರಳುದಿಬ್ಬದ ಮೇಲೆ ರಾಡಾರಿನ ಪರದೆ ನೋಡುತ್ತಾ ಕೂತವನೊಬ್ಬ, ವಿಮಾನ ಯಾವ ದಿಕ್ಕಿಗೆ ಎಷ್ಟು ದೂರದಲ್ಲಿದೆ ಎಂದು ಟೆಲಿಫೋನ್ ತಂತಿಯಲ್ಲಿ ಹೇಳುವನು. ಇವನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಗುರುತು ಹಾಕುವನು. ಆಚೆ ಕೂತ ಅಧಿಕಾರಿಗಳಿಗೆ ನೆಟ್ಟಗೆ ಕಾಣಲೆಂದು ಅಂಕಿಗಳನ್ನೆಲ್ಲ ಉಲ್ಟಾ ಬರೆಯಬೇಕು. ತಂತಿಯಲ್ಲಿ ಹೆಸರು ಹೇಳುವಂತಿಲ್ಲ, ಹರಟೆಯಂತೂ ಇಲ್ಲವೇ ಇಲ್ಲ. ಮಾತಿಗೆ ಮುಂಚೆ ಆ ಮನುಷ್ಯ ಮೈಕಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಸ್ವಲ್ಪ ತಡೆದು ಮತ್ತೊಮ್ಮೆ ತಟ್ಟುತ್ತಿದ್ದ. ಆಮೇಲೆ ಬರೀ ಅಂಕಿ.

ಒಂದು ಸಂಜೆ ಪಾಳಿ ಮುಗಿಯುವಾಗ ಆತ ಬಾಯಿ ತಪ್ಪಿ “ಬರ್ತೇನ್ರಿ” ಅಂದುಬಿಟ್ಟ. ಶಿದ್ಲಿಂಗಪ್ಪನ ಕೈಯಲ್ಲಿದ್ದ ಪೆನ್ಸಿಲ್ ಹಾಗೇ ನಿಂತಿತು. ನಮ್ಮ ಕಡೆಯವ! “ಹೂಂ, ಬರ್ರಿ” ಅಂದ. ಅಂದಿನಿಂದ ಪಾಳಿ ಮುಗಿದಾಗಲೆಲ್ಲ ಅದೊಂದು ಮಾತು, ಅಷ್ಟೇ. ಯುದ್ಧ ಇಂದೋ ನಾಳೆಯೋ ಅನ್ನುವಂತಿದ್ದ ಆ ದಿನಗಳನ್ನು ಅವನು ಆ ಒಂದು ಮಾತಿನ ಧೈರ್ಯದಲ್ಲಿ ಕಳೆದ. ಆಮೇಲೊಂದು ದಿನ ತಂತಿಯಲ್ಲಿ ಬೇರೆ ದನಿ ಬಂತು. ಹಳಬನಿಗೆ ವರ್ಗವಾಯಿತೋ ಏನೋ, ಕೇಳುವಂತಿರಲಿಲ್ಲ.

“ಹೇಣ್ತಿ ಮಕ್ಕಳು ಎಲ್ಲಾ ಅದಾರ ಉಮೇಶ, ಏನೂ ಕಮ್ಮಿ ಇಲ್ಲ. ಆದ್ರ ಸಾಯೂದ್ರಾಗ ಆ ದನಿ ಒಮ್ಮಿ ಕೇಳಬೇಕು ನೋಡು,” ಅನ್ನುತ್ತಿದ್ದ. ಹೊಸಬರು ಯಾರೇ ಮಾತಾಡಲು ಕೂತರೂ ಕಣ್ಣು ಮುಚ್ಚಿ ಕೇಳುತ್ತಿದ್ದ. ಎಲ್ಲರೂ ಅವನನ್ನು ಗೇಲಿ ಮಾಡುವವರೇ. ಅದರಲ್ಲಿ ನಾನೇ ಮುಂದು.

ಹೋದ ತಿಂಗಳು, ನಮ್ಮ ಹಾಗೇ ರಾಡಾರ್ ಠಾಣೆಯಲ್ಲಿದ್ದ ಹತ್ತರಗಿಯ ಕೇದಾರಿಯವರು ಮಗಳು ಯಶೋಧರಾಳ ಜೊತೆ ಮೊದಲ ಸಲ ಬಂದರು. ಕೊರಳಿಗೆ ಮಫ್ಲರ್ ಸುತ್ತಿದ್ದರು.

“ಅಪ್ಪಾರದು ಗಂಟಲ ಆಪರೇಶನ್ ಆಗೈತ್ರಿ, ದನಿ ಹೋಗೈತಿ. ಹಳೇ ಫೋಟೋ ಕೊಡಾಕ ಬಂದಾರ,” ಅಂದಳು ಯಶೋಧರಾ.

ದನಿಯೇ ಇಲ್ಲವೆಂದ ಮೇಲೆ ಶಿದ್ಲಿಂಗಪ್ಪ ಕಿಟಕಿಯ ಕಡೆ ತಿರುಗಿ ಕೂತ. ನಾನು ಅಭ್ಯಾಸಬಲದಿಂದ ರೆಕಾರ್ಡ್ ಒತ್ತಿ ಮೊಬೈಲನ್ನು ಕೇದಾರಿಯವರ ಮುಂದಿಟ್ಟೆ. ಅವರೂ ಅಭ್ಯಾಸಬಲದಿಂದಲೇ ಇರಬೇಕು, ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಸ್ವಲ್ಪ ತಡೆದು ಮತ್ತೊಮ್ಮೆ ತಟ್ಟಿದರು.

ಶಿದ್ಲಿಂಗಪ್ಪ ಎದ್ದು ನಿಂತ. “ಕೇಳಾಕತ್ತೈತ್ರಿ, ಹೇಳ್ರಿ,” ಅಂದ.

ಕೇದಾರಿಯವರು ತಟ್ಟನೆ ತಲೆ ಎತ್ತಿದರು. ಈ ದನಿ ಅವರಿಗೂ ನೆನಪಿತ್ತು. ತುಟಿ ಅಲುಗಿತು, ಬರೀ ಗಾಳಿ ಬಂತು. ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಇಷ್ಟು ವರ್ಷ ಕಾದವನಿಗೆ ಸಿಕ್ಕಿದ್ದು ಮನುಷ್ಯ, ದನಿಯಲ್ಲವಲ್ಲ ಎಂದು ನನಗೆ ಯಾರ ಮೇಲೋ ಸಿಟ್ಟು ಬಂತು. ರೆಕಾರ್ಡ್ ನಿಲ್ಲಿಸುವುದನ್ನೂ ಮರೆತೆ.

ಸಂಜೆ ಅವರನ್ನು ಬಸ್ಸಿಗೆ ಹತ್ತಿಸಲು ಹೋದೆವು. ಕೇದಾರಿಯವರು ಮೆಟ್ಟಿಲ ಮೇಲೆ ನಿಂತು ಏನೋ ಹೇಳಲು ಬಾಯಿ ತೆರೆದು, ಕೊರಳಿನ ಮಫ್ಲರ್ ಮುಟ್ಟಿಕೊಂಡರು. ಆಗ ಶಿದ್ಲಿಂಗಪ್ಪನೇ ಅವರ ಪರವಾಗಿ, ತನ್ನದಲ್ಲದ ಒಂದು ದನಿಯಲ್ಲಿ, “ಬರ್ತೇನ್ರಿ” ಅಂದ.

ಆಮೇಲೆ ತನ್ನ ದನಿಯಲ್ಲಿ, “ಹೂಂ, ಬರ್ರಿ” ಅಂದ.